ಮಕ್ಕಳ ಅನ್ನಕ್ಕೆ ಸೋಯಾ ಮೊಟ್ಟೆ: ಕುದಿಸೋದೋ, ನೆನೆಸೋದೋ, ಬಾಣಲೆಯಲ್ಲಿ ಹೊರಳಿಸೋದೋ?

ಬೇಯಿಸಿದ ಮೊಟ್ಟೆ ಕೊಟ್ಟರೆ ಬಿಳಿ ತಿಂದು ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳುವ ಮಗು ಮನೆಗೊಂದಾದರೂ ಇರುತ್ತದೆ. ಮೊಟ್ಟೆ ಸಾರು ಮಾಡಿದರೆ ಖಾರ ಅನ್ನುತ್ತದೆ, ಬುರ್ಜಿ ಮಾಡಿದರೆ ಈರುಳ್ಳಿ ಆರಿಸುತ್ತಾ ಕೂರುತ್ತದೆ. ಇಂಥ ಮಕ್ಕಳಿಗೆ ಸೋಯಾ ಸಾಸ್ ಮತ್ತು ಸಿಹಿ ಹಾಕಿ ಬೇಯಿಸಿದ ಮೊಟ್ಟೆ ಬಹಳ ಸಲ ಹಿಡಿಸುತ್ತದೆ. ಕೊರಿಯಾ, ಜಪಾನ್, ಚೀನಾ ಮೂರೂ ಕಡೆ ಅನ್ನದ ಜೊತೆ ನೆಂಚಿಕೊಳ್ಳಲು ಇದು ಮಾಮೂಲಿ. ನಮ್ಮ ಕೋಲಾರ, ಚಿಂತಾಮಣಿ, ತುಮಕೂರು ಕಡೆಯ ಮನೆಗಳಲ್ಲೂ ಸಾಮಾನಿಗೆ ತೊಂದರೆಯಿಲ್ಲ. ಯಾವಾಗಲೋ ಗೋಬಿ ಮಂಚೂರಿ ಮಾಡಲು ತಂದ ಸೋಯಾ ಸಾಸ್ ಬಾಟಲಿ ಮುಕ್ಕಾಲು ಹಾಗೇ ಉಳಿದಿರುತ್ತದೆ. ಬೆಲ್ಲ, ಬೆಳ್ಳುಳ್ಳಿ, ಮೊಟ್ಟೆ ಹೇಗೂ ಇರುತ್ತವೆ.

ತಕರಾರು ಬರುವುದು ವಿಧಾನದ ಹತ್ತಿರ. ವಿಡಿಯೊ ಹುಡುಕಿದರೆ ಒಬ್ಬರು ಕುದಿಸುತ್ತಾರೆ, ಒಬ್ಬರು ರಾತ್ರಿಯಿಡೀ ನೆನೆಸುತ್ತಾರೆ, ಇನ್ನೊಬ್ಬರು ಚಿಪ್ಪು ಒಡೆದು ಚಹಾ ನೀರಿಗೆ ಹಾಕುತ್ತಾರೆ. ಎಲ್ಲವೂ ಚೆನ್ನಾಗಿ ಕಾಣುತ್ತದೆ. ನಾನು ಆರಿಸುವುದು ಒಂದೇ ಪ್ರಶ್ನೆ ಕೇಳಿಕೊಂಡು: ಮಗು ಇದನ್ನು ಯಾವಾಗ ತಿನ್ನುತ್ತದೆ? ಇವತ್ತು ರಾತ್ರಿಯ ಬಿಸಿ ಅನ್ನಕ್ಕೋ, ನಾಳೆ ಮಧ್ಯಾಹ್ನದ ಡಬ್ಬಿಗೋ, ಇನ್ನೆರಡು ದಿನ ಫ್ರಿಜ್‌ನಲ್ಲಿಟ್ಟು ಬೇಕೆಂದಾಗ ಕೊಡಲಿಕ್ಕೋ? ಅದು ತೀರ್ಮಾನವಾದರೆ ಉಳಿದದ್ದೆಲ್ಲ ಸಲೀಸು.

ಸಣ್ಣ ಉರಿಯಲ್ಲಿ ಕುದಿಸುವುದು

ಇದು ಕೊರಿಯಾದ ದಾರಿ. ಅಲ್ಲಿ ಗ್ಯೇರಾನ್ ಜಾಂಗ್‌ಜೊರಿಮ್ ಅನ್ನುತ್ತಾರೆ. ಒಮ್ಮೆ ಮಾಡಿ ಫ್ರಿಜ್‌ನಲ್ಲಿಟ್ಟು ಊಟದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಹೊರತೆಗೆಯುವ ನೆಂಚಿಕೆಗಳ ಸಾಲಿಗೆ ಸೇರಿದ್ದು. ದನದ ಮಾಂಸ ಹಾಕಿ ಮಾಡುವ ಜಾಂಗ್‌ಜೊರಿಮ್ ಅಲ್ಲಿ ಹೆಸರುವಾಸಿ, ಮೊಟ್ಟೆಯದು ಅದರ ಸುಲಭದ ತಮ್ಮ. ಕೆಲವರು ಹಸಿಮೆಣಸಿನಕಾಯಿ ಇಡಿಯಾಗಿ ಹಾಕುತ್ತಾರೆ, ಒಣಗಿದ ಸಮುದ್ರ ಪಾಚಿಯ ತುಂಡೂ ಬೀಳುತ್ತದೆ. ಮಕ್ಕಳಿಗೆ ಮೆಣಸಿನಕಾಯಿ ಬೇಡ. ಪಾಚಿ ನಮ್ಮ ಅಂಗಡಿಯಲ್ಲಿ ಸಿಗುವುದಿಲ್ಲ. ಅರ್ಧ ಈರುಳ್ಳಿ ಹಾಕಿದರೆ ಅದರ ಸಿಹಿಯೇ ಸಾಕಷ್ಟು ಕೆಲಸ ಮಾಡುತ್ತದೆ.

ಆರು ಮೊಟ್ಟೆಗೆ ಒಂದೂವರೆ ಲೋಟ ನೀರು, ಅಂದರೆ 300 ಮಿ.ಲೀ. ಅದಕ್ಕೆ ಒಂದೂವರೆ ಟೇಬಲ್ ಚಮಚ ಬೆಲ್ಲದ ಪುಡಿ ಹಾಕಿ ಕರಗಿಸಿ, ಸೋಸಿಬಿಡಿ, ಬೆಲ್ಲದಲ್ಲಿ ಮಣ್ಣೋ ಕಡ್ಡಿಯೋ ಇದ್ದೇ ಇರುತ್ತದೆ. ಮೂರು ಟೇಬಲ್ ಚಮಚ ಸೋಯಾ ಸಾಸ್, ಜಜ್ಜದೆ ಇಡಿಯಾಗಿ ನಾಲ್ಕೈದು ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಬೇಕಿದ್ದರೆ ಹೆಬ್ಬೆರಳ ಉಗುರಿನಷ್ಟು ಶುಂಠಿ. ಐದು ನಿಮಿಷ ಕುದಿಯಲಿ. ಆಮೇಲೆ ಸುಲಿದ ಮೊಟ್ಟೆ ಬಿಟ್ಟು ಉರಿ ತಗ್ಗಿಸಿ ಹನ್ನೆರಡರಿಂದ ಹದಿನೈದು ನಿಮಿಷ. ನೀರು ಮೊಟ್ಟೆಯನ್ನು ಪೂರ್ತಿ ಮುಳುಗಿಸುವುದಿಲ್ಲ, ಹಾಗಾಗಿ ಆಗಾಗ ಚಮಚದಿಂದ ಉರುಳಿಸುತ್ತಿರಬೇಕು. ಇಲ್ಲದಿದ್ದರೆ ಒಂದು ಕೆನ್ನೆ ಕಪ್ಪು, ಒಂದು ಕೆನ್ನೆ ಬಿಳಿ. ರಸ ಹೆಚ್ಚುಕಡಿಮೆ ಒಂದು ಲೋಟಕ್ಕೆ ಇಳಿದಾಗ ಒಲೆ ಆರಿಸಿ, ಆ ರಸದಲ್ಲೇ ತಣ್ಣಗಾಗಲು ಬಿಡಿ. ಬಣ್ಣ ಚೆನ್ನಾಗಿ ಏರುವುದು ತಣ್ಣಗಾಗುವಾಗಲೇ. ಗಾಢ ಬೇಕೆಂದು ಇನ್ನೂ ಅರ್ಧ ಗಂಟೆ ಕುದಿಸಬೇಡಿ, ಬಿಳಿಭಾಗ ರಬ್ಬರಾಗುತ್ತದೆ.

ಇದರ ದೊಡ್ಡ ಅನುಕೂಲ ಏನೆಂದರೆ ಮೊಟ್ಟೆ ಪೂರ್ತಿ ಬೆಂದಿರುತ್ತದೆ, ರಸ ಕುದ್ದಿರುತ್ತದೆ, ಸ್ಟೀಲ್ ಡಬ್ಬಿಯಲ್ಲೋ ಗಾಜಿನ ಜಾಡಿಯಲ್ಲೋ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಧೈರ್ಯವಾಗಿ ಕೊಡಬಹುದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಇಡಬೇಡಿ, ಉಪ್ಪು ಹುಳಿ ಎರಡೂ ಇರುವ ರಸ ಅದು. ಸೋಮವಾರ, ಶನಿವಾರ ಮೊಟ್ಟೆ ಮುಟ್ಟದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಂಥ ಮನೆಗೆ ಈ ವಿಧಾನ ಹೇಳಿ ಮಾಡಿಸಿದ್ದು: ಮಂಗಳವಾರ ಸಂಜೆ ಮಾಡಿಟ್ಟರೆ ಶುಕ್ರವಾರದೊಳಗೆ ಖಾಲಿ, ಶನಿವಾರಕ್ಕೆ ಪಾತ್ರೆ ತೊಳೆದಿಟ್ಟಿರುತ್ತದೆ.

ಮೊಟ್ಟೆ ಸಾರಿಗೆ ಹಾಕುವಾಗ ನಾವು ಚಾಕುವಿನಿಂದ ಉದ್ದಕ್ಕೆ ಗೀರುತ್ತೇವಲ್ಲ, ಇಲ್ಲಿ ಅದು ಬೇಕೋ ಬೇಡವೋ? ಅವತ್ತೇ ತಿನ್ನುವುದಾದರೆ ಗೀರಿ. ರಸ ಒಳಗಿಳಿದು ಹಳದಿ ಒದ್ದೆಯಾಗುತ್ತದೆ, ಗಂಟಲಿಗೆ ಅಂಟುತ್ತದೆ ಎಂದು ದೂರುವ ಮಗುವೂ ತಿನ್ನುತ್ತದೆ. ಇಡುವುದಾದರೆ ಗೀರಬೇಡಿ. ಹಳದಿ ಉದುರಿ ರಸ ಕದಡುತ್ತದೆ, ಬೇಗ ಕೆಡುತ್ತದೆ.

ನೆನೆಸುವುದು

ಜಪಾನಿನ ರಾಮೆನ್ ಎಂಬ ನೂಡಲ್ಸ್ ಬಟ್ಟಲಿನ ಮೇಲೆ ಅರ್ಧಕ್ಕೆ ಕತ್ತರಿಸಿಟ್ಟ ಮೊಟ್ಟೆ ನೋಡಿರುತ್ತೀರಿ. ಹೊರಗೆ ಕಂದು, ಒಳಗೆ ಜೇನಿನಂಥ ಹಳದಿ. ಅದು ಅಜಿತ್ಸುಕೆ ತಮಾಗೊ. ಮೊಟ್ಟೆಯನ್ನು ಆರೇಳು ನಿಮಿಷವಷ್ಟೇ ಬೇಯಿಸಿ, ಸುಲಿದು, ಸೋಯಾ ಸಾಸ್ ಮತ್ತು ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯದ ಮಿಶ್ರಣದಲ್ಲಿ ಗಂಟೆಗಟ್ಟಲೆ ನೆನೆಸುತ್ತಾರೆ. ಕೊರಿಯಾದಲ್ಲೂ ಇದರ ಒಂದು ರೂಪ ಈಚೆಗೆ ಜನಪ್ರಿಯವಾಗಿದೆ, ಈರುಳ್ಳಿ ಸೊಪ್ಪು, ಎಳ್ಳು, ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿದ್ದು.

ರುಚಿಯ ಮಾತಿಗೆ ಬಂದರೆ ಇದೇ ಗೆಲ್ಲುತ್ತದೆ. ಎರಡನೇ ಸಲ ಉರಿ ತಾಗುವುದಿಲ್ಲವಾದ್ದರಿಂದ ಬಿಳಿಭಾಗ ಮೆತ್ತಗೇ ಉಳಿಯುತ್ತದೆ. ಆದರೂ ಚಿಕ್ಕ ಮಕ್ಕಳಿಗೆ ನಾನು ಇದನ್ನು ಹೇಳುವುದಿಲ್ಲ. ಹಳದಿ ಗಟ್ಟಿಯಾಗದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿದುಕೊಳ್ಳುವ ಸಾಧ್ಯತೆ ಇದೆ, ಐದು ವರ್ಷದೊಳಗಿನವರಿಗೆ ಅದು ದೊಡ್ಡವರಿಗಿಂತ ಜೋರಾಗಿ ಬಾಧಿಸುತ್ತದೆ. ಅಂಗಡಿಯ ಹೊರಗೆ ಬಿಸಿಲಲ್ಲಿ ಟ್ರೇ ಜೋಡಿಸಿಟ್ಟು ಮಾರುವ ಮೊಟ್ಟೆ ನಮ್ಮದು. ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ರಿಜ್ ಕೂಡ ಬರೀ ಬೀರು. ಅರೆಬೆಂದ ಮೊಟ್ಟೆಯನ್ನು ರಾತ್ರಿಯಿಡೀ ಇಡುವ ಲೆಕ್ಕ ಇಲ್ಲಿ ಕೂಡಿ ಬರುವುದಿಲ್ಲ.

ಮೆತ್ತನೆಯ ಬಿಳಿಯೇ ಬೇಕೆಂದರೆ ನಡುದಾರಿ ಒಂದಿದೆ. ಮೊಟ್ಟೆಯನ್ನು ಪೂರ್ತಿ ಬೇಯಿಸಿ. ಸೋಯಾ, ಬೆಲ್ಲ, ನೀರನ್ನು ಬೇರೆ ಕುದಿಸಿ ಆರಿಸಿ. ನಂತರ ಎರಡನ್ನೂ ಸೇರಿಸಿ ಫ್ರಿಜ್‌ನಲ್ಲಿ ರಾತ್ರಿ ಕಳೆಯಿರಿ. ಕುದಿಸಿದ್ದಷ್ಟು ಆಳಕ್ಕೆ ರುಚಿ ಇಳಿಯುವುದಿಲ್ಲ, ಹೊರಪದರ ಮಾತ್ರ ಉಪ್ಪುಪ್ಪು. ಬೆಳಗ್ಗೆ ಏಳಕ್ಕೆ ಒಲೆಯ ಮುಂದೆ ಹದಿನೈದು ನಿಮಿಷ ನಿಲ್ಲಲಾಗದವರಿಗೆ ಸರಿಹೋಗುತ್ತದೆ.

ಚಿಪ್ಪಿನೊಳಗಿನ ಚಹಾ ಮೊಟ್ಟೆ

ಚೀನಾ, ತೈವಾನ್‌ಗಳಲ್ಲಿ ಬೀದಿಬದಿ ಮಾರುವ ತಿಂಡಿ. ಬೆಂದ ಮೊಟ್ಟೆಯ ಚಿಪ್ಪನ್ನು ಸುಲಿಯದೆ ಚಮಚದ ಬೆನ್ನಿನಿಂದ ತಟ್ಟಿ ಬಿರುಕು ಬಿಡಿಸಿ, ಚಹಾಪುಡಿ, ಸೋಯಾ, ಚಕ್ರಮೊಗ್ಗು, ಚಕ್ಕೆ ಹಾಕಿದ ನೀರಿನಲ್ಲಿ ಸಣ್ಣಗೆ ಕುದಿಸಿ ರಾತ್ರಿ ಬಿಡುತ್ತಾರೆ. ಸುಲಿದಾಗ ಬಿಳಿಯ ಮೇಲೆ ಅಮೃತಶಿಲೆಯ ಗೆರೆಗಳು. ಬಿರಿಯಾನಿ ಮಸಾಲೆಯ ಡಬ್ಬಿ ಇರುವ ಮನೆಯಲ್ಲಿ ಹೊಸದಾಗಿ ಏನೂ ಕೊಳ್ಳಬೇಕಿಲ್ಲ.

ಮಕ್ಕಳು ತಾವೇ ಸುಲಿಯಲು ಮುಗಿಬೀಳುತ್ತಾರೆ, ಅದೊಂದೇ ಇದರ ಬಲ. ಹಳದಿ ಒಣಗಿ ಹಿಟ್ಟಾಗಿರುತ್ತದೆ, ಸುತ್ತ ಹಸಿರು ಬಳೆ ಬಂದಿರುತ್ತದೆ. ಬಿಳಿಯಲ್ಲಿನ ಗಂಧಕವೂ ಹಳದಿಯಲ್ಲಿನ ಕಬ್ಬಿಣವೂ ಹೆಚ್ಚು ಕಾವಿಗೆ ಸೇರಿ ಆಗುವ ಬಣ್ಣ ಅದು, ತಿಂದರೆ ಅಪಾಯವಿಲ್ಲ. ಬೇಸಿಗೆ ರಜೆಗೆ, ಹುಟ್ಟುಹಬ್ಬಕ್ಕೆ ಸರಿ. ದಿನದ ಊಟಕ್ಕೆ ಬೇಡ.

ಬಾಣಲೆಯಲ್ಲಿ ಹೊರಳಿಸುವುದು

ರಾತ್ರಿ ಎಂಟೂವರೆಗೆ ಮಗು ‘ಸಾರು ಬೇಡ’ ಅಂದಾಗ ಉಳಿಯುವ ದಾರಿ ಇದೊಂದೇ. ಬೆಂದ ನಾಲ್ಕು ಮೊಟ್ಟೆಯನ್ನು ಅರ್ಧ ಮಾಡಿ, ಒಂದು ಚಮಚ ಕಡ್ಲೆಕಾಯಿ ಎಣ್ಣೆಯಲ್ಲಿ ಹಳದಿ ಕೆಳಗಾಗುವಂತೆ ಇಟ್ಟು ಒಂದು ನಿಮಿಷ ಬಿಡಿ. ಎರಡು ಟೀ ಚಮಚ ಸೋಯಾ ಸಾಸ್, ಒಂದು ಟೀ ಚಮಚ ಬೆಲ್ಲ, ಎರಡು ಟೇಬಲ್ ಚಮಚ ನೀರು ಮೊದಲೇ ಕಲಸಿಟ್ಟುಕೊಂಡು ಸುರಿಯಿರಿ. ಬುಳುಬುಳು ಎಂದು ಪಾಕವಾಗಿ ಮೊಟ್ಟೆಗೆ ಹತ್ತಿಕೊಳ್ಳುತ್ತದೆ. ಎರಡು ನಿಮಿಷ, ಮುಗಿಯಿತು. ಹಳದಿಯ ಮುಖ ಸ್ವಲ್ಪ ಹುರಿದು ಗರಿಯಾಗಿರುತ್ತದೆ. ಹಳದಿ ಬೇಡ ಎನ್ನುವ ಮಕ್ಕಳ ಮೇಲೆ ಪ್ರಯೋಗಿಸಲು ನಾಲ್ಕರಲ್ಲಿ ಇದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಬಿಸಿಯಲ್ಲೇ ತಿನ್ನಬೇಕು. ತಣ್ಣಗಾದರೆ ಪಾಕ ಅಂಟಂಟಾಗಿ ಎಣ್ಣೆ ಬಿಟ್ಟುಕೊಳ್ಳುತ್ತದೆ, ಡಬ್ಬಿಗೆ ನಡೆಯುವುದಿಲ್ಲ.

ಉಪ್ಪಿನ ಲೆಕ್ಕ

ಅಮ್ಮಂದಿರು ಮೊದಲು ಕೇಳಬೇಕಾದ್ದು ಇದನ್ನೇ, ಕೇಳುವುದು ಮಾತ್ರ ಅಜಿನೊಮೊಟೊ ಬಗ್ಗೆ. ಒಂದು ಟೇಬಲ್ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂಗಿಂತ ತುಸು ಹೆಚ್ಚು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿನ ಒಳಗಿರಿ ಎನ್ನುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆಯ ಸೂಚನೆಯಲ್ಲಿ ಮಕ್ಕಳಿಗೆ ಬೇರೆ ಮಿತಿಗಳಿವೆ: ಒಂದರಿಂದ ಮೂರು ವರ್ಷದವರಿಗೆ ದಿನಕ್ಕೆ 2 ಗ್ರಾಂ, ನಾಲ್ಕರಿಂದ ಆರರವರಿಗೆ 3 ಗ್ರಾಂ, ಏಳರಿಂದ ಹತ್ತರವರಿಗೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಚಿಪ್ಸು, ಬಿಸ್ಕತ್ತು ಎಲ್ಲ ಸೇರಿ ಇಷ್ಟರೊಳಗೆ ಇರಬೇಕು.

ಈಗ ಪಾತ್ರೆಗೆ ಬನ್ನಿ. ಕುದಿಸುವ ವಿಧಾನದಲ್ಲಿ ಮೂರು ಚಮಚ ಸಾಸ್ ಹಾಕಿದೆವು, ಒಟ್ಟು 2,700 ಮಿಲಿಗ್ರಾಂ ಸೋಡಿಯಂ. ಮೊಟ್ಟೆ ಹೀರುವುದು ಅದರಲ್ಲಿ ಸಣ್ಣ ಪಾಲು, ಬಹುಪಾಲು ರಸದಲ್ಲೇ ಉಳಿಯುತ್ತದೆ. ಒಂದು ಲೋಟಕ್ಕಿಳಿದ ಆ ರಸದ ಒಂದೊಂದು ಟೇಬಲ್ ಚಮಚದಲ್ಲೂ 200 ಮಿಲಿಗ್ರಾಂ ಆಸುಪಾಸು ಸೋಡಿಯಂ, ಅಂದರೆ ಅರ್ಧ ಗ್ರಾಂ ಉಪ್ಪು. ಮೊಟ್ಟೆ ಎಷ್ಟು ತಿಂದಿತು ಎನ್ನುವುದಕ್ಕಿಂತ ಅನ್ನಕ್ಕೆ ರಸ ಎಷ್ಟು ಬಿತ್ತು ಎಂದು ನೋಡಬೇಕು. ನಮ್ಮ ಕೈ ಸಾರು ಸುರಿದು ಅಭ್ಯಾಸವಾದ ಕೈ, ಸೌಟು ತಾನಾಗಿ ಬಾಗುತ್ತದೆ. ಇದಕ್ಕೆ ಸೌಟು ಬೇಡ. ಒಂದು ಟೀ ಚಮಚ ರಸ, ಮೇಲೊಂದಿಷ್ಟು ತುಪ್ಪ, ಕಲಸಿದರೆ ಅನ್ನಕ್ಕೆ ಸಾಕಷ್ಟು ರುಚಿ.

ಬಾಣಲೆಯದು ನೋಡಲು ಅತಿ ಕಪ್ಪು, ಪಾಕ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಆದರೂ ನಾಲ್ಕು ಮೊಟ್ಟೆಗೆ ಎರಡೇ ಟೀ ಚಮಚ ಸಾಸ್ ಆದ್ದರಿಂದ ಮೊಟ್ಟೆಗೆ ಸಾಸ್‌ನ ಸೋಡಿಯಂ 150 ಮಿಲಿಗ್ರಾಂ ದಾಟುವುದಿಲ್ಲ. ಅಳೆದು ಹಾಕುವವರಿಗೆ ಇದೇ ನಿಶ್ಚಿಂತೆ. ಕಣ್ಣಂದಾಜಿನಲ್ಲಿ ಬಾಟಲಿ ಬಗ್ಗಿಸುವವರಿಗೆ ಇದೇ ಅಪಾಯ.

ಒಂದು ವರ್ಷ ತುಂಬದ ಕೂಸಿಗೆ ಈ ಅಡುಗೆ ಯಾವ ವಿಧಾನದ್ದೂ ಬೇಡ. ಸಿಹಿಗೆ ಜೇನು ಹಾಕಿದ್ದರಂತೂ ಖಂಡಿತ ಬೇಡ. ಮೊಟ್ಟೆ, ಸೋಯಾ, ಗೋಧಿ ಮೂರೂ ಅಲರ್ಜಿ ತರಬಲ್ಲವು, ಬಹಳಷ್ಟು ಸೋಯಾ ಸಾಸ್‌ನಲ್ಲಿ ಗೋಧಿಯೂ ಇರುತ್ತದೆ. ಮೊದಲ ಸಲ ಕಾಲು ಮೊಟ್ಟೆ ಕೊಟ್ಟು ನೋಡಿ.

ಬಾಟಲಿ ಯಾವುದು, ಸಿಹಿ ಯಾವುದು

ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದಿ. ಸೋಯಾಬೀನ್, ಗೋಧಿ, ಉಪ್ಪು, ನೀರು ಇಷ್ಟೇ ಅಥವಾ ಇದಕ್ಕೆ ಹತ್ತಿರವಾಗಿದ್ದರೆ ಅದು ಹುದುಗಿಸಿ ಮಾಡಿದ್ದು. ಕಿಕ್ಕೋಮನ್ ಬ್ರಾಂಡ್ ಈ ಜಾತಿಯದು, ಬೆಲೆ ಮಾತ್ರ ಜಾಸ್ತಿ. ಹೈಡ್ರೊಲೈಸ್ಡ್ ವೆಜಿಟೇಬಲ್ ಪ್ರೋಟೀನ್, 150 ಸಂಖ್ಯೆಯ ಕ್ಯಾರಮೆಲ್ ಬಣ್ಣ, 260 ಎಂಬ ಹುಳಿ, 621 ಅಂದರೆ ಅಜಿನೊಮೊಟೊ, ಎಲ್ಲ ಸಾಲಾಗಿ ಬಂದಿದ್ದರೆ ಅದು ಬೇಗ ತಯಾರಾದ ಸಾಸ್. ವಿಷವೇನಲ್ಲ. ಆದರೆ ಅದರ ರುಚಿ ಚೂಪು, ಕೆಲವದರಲ್ಲಿ ವಿನೆಗರ್ ಹುಳಿ ಮೂಗಿಗೇ ಹೊಡೆಯುತ್ತದೆ. ಗೋಬಿಯ ಖಾರ, ಬೆಳ್ಳುಳ್ಳಿ, ಕರಿದ ಹಿಟ್ಟಿನ ನಡುವೆ ಅದು ಗೊತ್ತಾಗುವುದಿಲ್ಲ, ಬರೀ ಮೊಟ್ಟೆಯ ಮೇಲೆ ಗೊತ್ತಾಗುತ್ತದೆ. ಅದೇ ಮನೆಯಲ್ಲಿದ್ದರೆ ಎಸೆಯಬೇಡಿ, ಕುದಿಸುವ ವಿಧಾನಕ್ಕೆ ಬಳಸಿ. ಮೊಟ್ಟೆ ಹಾಕುವ ಮೊದಲು ರಸವನ್ನು ಮುಚ್ಚಳವಿಲ್ಲದೆ ಇನ್ನೈದು ನಿಮಿಷ ಕುದಿಸಿದರೆ ಹುಳಿಯ ಘಾಟು ತಗ್ಗುತ್ತದೆ. ನೆನೆಸುವ ವಿಧಾನಕ್ಕೆ ಹುದುಗಿಸಿದ್ದೇ ಬೇಕು.

ಡಾರ್ಕ್ ಸೋಯಾ ಬೇಕೇ ಎಂದರೆ, ಬೇಡ. ಅದನ್ನು ಬಣ್ಣಕ್ಕಾಗಿ ಹಾಕುತ್ತಾರೆ. ನಮಗೆ ಬಣ್ಣ ಕೊಡಲು ಬೆಲ್ಲವಿದೆ. ಕೊರಿಯಾದವರು ಹೊಳಪಿಗೆಂದು ಅಕ್ಕಿ ಅಥವಾ ಜೋಳದ ಪಾಕ ಸುರಿಯುತ್ತಾರೆ, ಬೆಲ್ಲ ಆ ಹೊಳಪನ್ನೂ ಕೊಡುತ್ತದೆ. ಕಪ್ಪಾದ ಹಳೆ ಬೆಲ್ಲಕ್ಕೆ ಸ್ವಂತ ಉಪ್ಪುರುಚಿ ಇರುತ್ತದೆ, ಹಾಗಾಗಿ ಸಾಸ್ ಅರ್ಧ ಚಮಚ ಕಡಿಮೆ ಮಾಡಿ. ಸಕ್ಕರೆ ಹಾಕಿದರೂ ತಪ್ಪಿಲ್ಲ, ರುಚಿ ತೆಳು.

ಕೊರಿಯಾದವರು ಕೊನೆಗೆ ಹಾಕುವ ಎಳ್ಳೆಣ್ಣೆಯ ವಿಚಾರದಲ್ಲಿ ಎಚ್ಚರ. ಅವರದು ಎಳ್ಳನ್ನು ಚೆನ್ನಾಗಿ ಹುರಿದು ತೆಗೆದ ಕಂದು ಎಣ್ಣೆ, ಅರ್ಧ ಚಮಚಕ್ಕೆ ಮನೆಯೆಲ್ಲ ಘಮ. ನಮ್ಮ ಅಡುಗೆಯ ಎಳ್ಳೆಣ್ಣೆಯಲ್ಲಿ ಆ ಘಮ ಇಲ್ಲ. ಒಂದು ಚಮಚ ಬಿಳಿ ಎಳ್ಳನ್ನು ಬಾಣಲೆಯಲ್ಲಿ ಚಟಪಟ ಎನಿಸಿ ಕುಟ್ಟಿ ಉದುರಿಸಿದರೆ ಕೆಲಸ ಆಯಿತು.

ಮೊಟ್ಟೆ ಯಾವುದು, ಬೇಯಿಸೋದು ಹೇಗೆ

ಈ ಅಡುಗೆಗೆ ಫಾರಂ ಮೊಟ್ಟೆಯೇ ಮೇಲು ಎಂದರೆ ಅಜ್ಜಿಯರು ಒಪ್ಪುವುದಿಲ್ಲ. ಕಾರಣ ಸರಳ: ಸುಲಿಯುವುದು. ಬೆಳಗ್ಗೆ ಇಟ್ಟ ನಾಟಿ ಮೊಟ್ಟೆಯನ್ನು ಸಂಜೆ ಬೇಯಿಸಿದರೆ ಚಿಪ್ಪಿನ ಜೊತೆ ಅರ್ಧ ಬಿಳಿಯೂ ಕಿತ್ತುಬರುತ್ತದೆ. ಮೊಟ್ಟೆ ಹಳೆಯದಾದಂತೆ ಒಳಗಿನ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಹೊರಹೋಗಿ ಬಿಳಿಯ ಕ್ಷಾರಗುಣ ಏರುತ್ತದೆ, ಆಗ ಅದು ಪೊರೆಗೆ ಅಂಟುವುದು ಕಡಿಮೆ. ಅಂಗಡಿಗೆ ಬರುವಷ್ಟರಲ್ಲಿ ಫಾರಂ ಮೊಟ್ಟೆಗೆ ಆ ವಯಸ್ಸು ತಾನಾಗಿ ಬಂದಿರುತ್ತದೆ. ಸುಲಿದದ್ದು ನುಣ್ಣಗಿದ್ದರೆ ಬಣ್ಣವೂ ಒಂದೇ ಸಮ. ನಾಟಿಯದೇ ಬೇಕೆಂದರೆ ವಾರ ಇಟ್ಟು ಬಳಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಹಿತ್ತಲಲ್ಲಿ ಸಾಕಿದವರ ಮನೆಯಲ್ಲೂ ಇದೇ ನಿಯಮ.

ಕ್ವೇಲ್ (ಗೌಜಲ ಹಕ್ಕಿ) ಮೊಟ್ಟೆ ಸಿಕ್ಕರೆ ಕೊರಿಯಾದಲ್ಲಿ ಮಾಡುವಂತೆಯೇ ಆಗುತ್ತದೆ, ಒಂದೊಂದೇ ಬಾಯಿಗೆ ಹಾಕಿಕೊಳ್ಳುವ ಗಾತ್ರ. ಐದು ಸೇರಿದರೆ ಒಂದು ಕೋಳಿಮೊಟ್ಟೆ. ನೋಡಲು ಮುದ್ದು, ಸುಲಿಯುವವರ ಗತಿ ಕೇಳಬೇಡಿ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಲೇಬೇಡಿ. ದುಂಡಗೆ, ಜಾರುವ ಹಾಗೆ, ಗಂಟಲಿನ ಅಳತೆಗೇ ಇರುತ್ತದೆ. ನಾಲ್ಕಾಗಿ ಕತ್ತರಿಸಿ.

ಬೇಯಿಸುವ ಸಮಯಕ್ಕೆ ವಿಡಿಯೊ ನಂಬಬೇಡಿ. ಕೋಲಾರ, ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ 900 ದಾಟುತ್ತದೆ. ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹತ್ತು ನಿಮಿಷ ಎಂದಿದ್ದರೆ ಹನ್ನೊಂದು, ಹನ್ನೆರಡು ಕೊಡಿ. ತಣ್ಣೀರಲ್ಲಿಟ್ಟು ಕಾಯಿಸುವುದಕ್ಕಿಂತ ಕುದಿಯುವ ನೀರಿಗೆ ಸೌಟಿನಲ್ಲಿ ಇಳಿಸಿದರೆ ಸುಲಿಯುವುದು ಸುಲಭ. ಅದಕ್ಕಿಂತಲೂ ಸುಲಭ ಇಡ್ಲಿ ಪಾತ್ರೆ: ಆವಿ ಬಂದ ಮೇಲೆ ಮೊಟ್ಟೆ ಇಟ್ಟು ಹನ್ನೆರಡು ನಿಮಿಷ. ತೆಗೆದ ಕೂಡಲೇ ತಣ್ಣೀರಿಗೆ.

ಯಾರಿಗೆ ಯಾವುದು

ಶಾಲೆಯ ಡಬ್ಬಿಗೆ ಹೋಗುವುದಾದರೆ ಕುದಿಸಿದ್ದು. ರಸವಿಲ್ಲದೆ, ಒರೆಸಿ, ಕತ್ತರಿಸದೆ ಇಡಿಯಾಗಿ ಇಡಿ. ಕತ್ತರಿಸಿದರೆ ವಾಸನೆ ಬೇಗ ಹರಡುತ್ತದೆ, ಪಕ್ಕದವರು ಮೂಗು ಮುಚ್ಚಿದರೆ ಮಗು ನಾಳೆಯಿಂದ ಒಯ್ಯುವುದಿಲ್ಲ. ಮೊಟ್ಟೆ ತರಬಾರದೆಂಬ ನಿಯಮ ಕೆಲವು ಖಾಸಗಿ ಶಾಲೆಗಳಲ್ಲಿದೆ, ಮೊದಲೇ ವಿಚಾರಿಸಿ. ಏಪ್ರಿಲ್ ಬಿಸಿಲಲ್ಲಿ ಡಬ್ಬಿಗೆ ಹಾಕುವ ಗೋಜಿಗೇ ಹೋಗಬೇಡಿ. ಬೆಂದ ಮೊಟ್ಟೆ ಹೊರಗೆ ಎರಡು ಗಂಟೆ, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂಬುದು ಸಾಮಾನ್ಯ ಎಚ್ಚರಿಕೆ. ಹತ್ತೂವರೆಯ ಸಣ್ಣ ಬಿಡುವಿನಲ್ಲಿ ತಿನ್ನುವ ಮಗುವಿಗೆ ಆದೀತು, ಒಂದೂವರೆಗೆ ತಿನ್ನುವ ಮಗುವಿಗೆ ತಣ್ಣನೆ ನೀರಿನ ಬಾಟಲಿ ಪಕ್ಕಕ್ಕಿಟ್ಟ ಚೀಲ ಬೇಕು.

ಸರ್ಕಾರಿ, ಅನುದಾನಿತ ಶಾಲೆಗೆ ಹೋಗುವ ಮಗುವಾದರೆ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮಧ್ಯಾಹ್ನ ಮೊಟ್ಟೆ ಸಿಗುವ ವ್ಯವಸ್ಥೆ ಇದೆ. ಅಂಥವರಿಗೆ ಡಬ್ಬಿಯ ಚಿಂತೆ ಇಲ್ಲ, ಮನೆಯಲ್ಲಿ ರಾತ್ರಿ ಅರ್ಧ ಸಾಕು, ಅದೂ ಬಾಣಲೆಯದು.

ಜೊತೆಗೆ ಏನು? ಬಿಸಿ ಅನ್ನಕ್ಕೆ ಮೊದಲ ಸ್ಥಾನ, ಸೋನಾ ಮಸೂರಿಗಿಂತ ತುಸು ಮೆತ್ತಗೆ ಮಾಡಿದ ದಪ್ಪಕ್ಕಿ ಇನ್ನೂ ಚೆನ್ನ. ಚಪಾತಿಯೊಳಗೆ ಕಿವುಚಿ ಸುತ್ತಿ ಕೊಡಬಹುದು. ಮೊಸರನ್ನಕ್ಕೂ ನಡೆಯುತ್ತದೆ, ಉಪ್ಪಿನಕಾಯಿಯ ಜಾಗದಲ್ಲಿ. ಮುದ್ದೆಗೆ ನಡೆಯುವುದಿಲ್ಲ. ಮುದ್ದೆ ಜಾರಿ ಇಳಿಯಲು ಬಟ್ಟಲು ತುಂಬ ಸಾರು ಬೇಕು, ಈ ರಸವನ್ನು ಅಷ್ಟು ಸುರಿದರೆ ಮೇಲಿನ ಉಪ್ಪಿನ ಲೆಕ್ಕವೆಲ್ಲ ಮಣ್ಣುಪಾಲು. ತಟ್ಟೆ ಇಡ್ಲಿಯ ಜೊತೆ ತಿನ್ನುವ ಮಕ್ಕಳನ್ನೂ ನೋಡಿದ್ದೇನೆ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದವರು ಕ್ಷಮಿಸಲಿ.

ಉಳಿದ ರಸವನ್ನು ಮತ್ತೊಂದು ಬ್ಯಾಚ್ ಮೊಟ್ಟೆಗೆ ಬಳಸಬಹುದೇ ಎಂದು ಕೇಳುತ್ತಾರೆ. ಮೂರು ದಿನದೊಳಗೆ, ಒಂದೇ ಸಲ, ಸೋಸಿ ಚೆನ್ನಾಗಿ ಕುದಿಸಿ, ಅರ್ಧ ಲೋಟ ನೀರು ಸೇರಿಸಿ ಬಳಸಬಹುದು. ಹೊಸದಾಗಿ ಸಾಸ್ ಹಾಕಬೇಡಿ. ನನಗೆ ಅದಕ್ಕಿಂತ ಇಷ್ಟ, ಉಳಿದ ಅನ್ನಕ್ಕೆ ಎರಡು ಚಮಚ ಈ ರಸ, ಕ್ಯಾರೆಟ್ಟು, ಬೀನ್ಸು, ಒಂದು ಮೊಟ್ಟೆ ಒಡೆದು ಹಾಕಿ ಎಗ್ ರೈಸ್ ಮಾಡುವುದು. ರಸದಲ್ಲಿರುವ ಬೆಳ್ಳುಳ್ಳಿ ಎಸಳುಗಳು ಅಷ್ಟರಲ್ಲಿ ಬೆಣ್ಣೆಯಾಗಿರುತ್ತವೆ. ಅವನ್ನು ಮಕ್ಕಳು ಮುಟ್ಟುವುದಿಲ್ಲ, ಅಡುಗೆ ಮಾಡಿದವರು ತಿನ್ನಲಿ.